ಮೂಗಿಗಿಂತ ಮೂಗುತಿ ಭಾರ

ಡಿಸೆಂಬರ್ ಬೆಳಿಗ್ಗೆ ತೀರ್ಥಹಳ್ಳಿ ಕಡೆ ಜನ ತಲೆಗೆ ಮಫ್ಲರ್ ಸುತ್ತಿಕೊಂಡು ಬಚ್ಚಲ ಒಲೆಯ ಮುಂದೆ ಕೂತಿರುತ್ತಾರೆ. ಅದೇ ಹೊತ್ತಿಗೆ ಪಿಕಪ್ ಗಾಡಿಯ ಮಾಲೀಕರಿಗೆ ತಮ್ಮ ಎಂಜಿನ್ನಿಗೆ ತಣ್ಣನೆ ಗಾಳಿ ಸಾಲುತ್ತಿಲ್ಲ ಎಂಬ ಚಿಂತೆ ಹತ್ತಿರುತ್ತದೆ. ಕುಂದಾಪುರದಿಂದ ಮೀನು ಹೇರಿಕೊಂಡು ಹುಲಿಕಲ್ ಘಾಟಿ ಏರುವಾಗ ಗಾಡಿ ಎರಡನೇ ಗೇರು ಬಿಟ್ಟು ಮೇಲೇಳಲಿಲ್ಲ, ಅದೇ ಮೂಲ. ಹಿಂದೆ ಸತ್ತ ಬಂಗುಡೆಗೆ ಐಸು, ಮುಂದೆ ದುಡಿಯುವ ಎಂಜಿನ್ನಿಗೆ ಬೇಗೆ. ಯಾವ ನ್ಯಾಯ?

ಮೊದಲ ಮದ್ದು ಗೊತ್ತಿರುವುದೇ: ಏರ್ ಫಿಲ್ಟರ್ ಡಬ್ಬಿಗೆ ತೂತು ಕೊರೆಯುವುದು, ಇಲ್ಲವೇ ಡಬ್ಬಿಯನ್ನೇ ಕಿತ್ತೆಸೆದು ಬಾನೆಟ್ಟಿನೊಳಗೆ ಕೆಂಪು ಕೋನ್ ಫಿಲ್ಟರ್ ಸಿಕ್ಕಿಸುವುದು. ಆಮೇಲೆ ಆಕ್ಸಿಲರೇಟರ್ ತುಳಿದರೆ, ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಟರ್ಬೊ ಸುಂಯ್ ಎಂದು ಸಿಳ್ಳೆ ಹಾಕುತ್ತದೆ. ಸದ್ದು ಬಂತು, ಅಂದರೆ ಪಿಕಪ್ಪೂ, ಅಂದರೆ ಎಳೆಯುವ ಕಸುವೂ, ಬಂತು ಎಂದು ಸ್ಟ್ಯಾಂಡಿಗೆಲ್ಲ ಸುದ್ದಿ. ಬಂದದ್ದು ಸದ್ದು ಮಾತ್ರ. ಡಬ್ಬಿ ಇದ್ದಾಗ ಗ್ರಿಲ್ಲಿನ ಬಳಿಯಿಂದ 30 ಡಿಗ್ರಿ ಗಾಳಿ ಎಳೆಯುತ್ತಿದ್ದ ಎಂಜಿನ್ ಈಗ ಟರ್ಬೊ ಪಕ್ಕದಲ್ಲಿ ಬೇಯುವ 60 ಡಿಗ್ರಿ ಗಾಳಿ ಕುಡಿಯುತ್ತದೆ. ಅಷ್ಟು ಬಿಸಿಯಾದ ಗಾಳಿ ಹಿಗ್ಗಿ, ಅದೇ ಜಾಗದಲ್ಲಿ ಶೇ. 9ರಷ್ಟು ಕಡಿಮೆ ತೂಗುತ್ತದೆ. ಆಮ್ಲಜನಕವೂ ಅಷ್ಟೇ ಖೋತಾ.

ಹಾಗಂತ ಗಾಳಿ ತಂಪಾದ ಕೂಡಲೇ ಗಾಡಿ ಹಾರುವುದೂ ಇಲ್ಲ. ಡೀಸೆಲ್ ಎಂಜಿನ್ ಬೇಕಾದ್ದಕ್ಕಿಂತ ಹೆಚ್ಚು ಗಾಳಿ ಎಳೆದುಕೊಳ್ಳುವ ಜಾತಿ. ಕಸುವು ಬರುವುದು ಪಂಪು ಬಡಿಸಿದಷ್ಟು ಡೀಸೆಲ್ಲಿನಿಂದ. ಏರಿನಲ್ಲಿ ಕರಿ ಹೊಗೆ ಕಾರುವ ಗಾಡಿಗೆ ತಂಪು ಗಾಳಿಯಿಂದ ಹೊಗೆ ತಗ್ಗೀತು, ಎಕ್ಸಾಸ್ಟಿನ ಬಿಸಿ ಇಳಿದೀತು. ಹೊಗೆಯೇ ಇಲ್ಲದ ಗಾಡಿಗೆ ಈ ಉಪಚಾರ ಉಂಡೆದ್ದವನಿಗೆ ಮತ್ತೆ ಎಲೆ ಹಾಕಿದಂತೆ.

ಆದ್ದರಿಂದ ಮೊದಲು ಅಳೆಯಬೇಕು. ಫ್ರಿಜ್ಜಿಗೆ ಬಳಸುವ, ಒಂದು ಮೀಟರ್ ವೈರಿನ ಡಿಜಿಟಲ್ ಥರ್ಮಾಮೀಟರ್ ಸಾಕು. ಅದರ ತುದಿಯನ್ನು ಫಿಲ್ಟರ್ ಡಬ್ಬಿಯೊಳಗೆ, ಗಾಳಿ ಸೋಸುವ ಕಾಗದಕ್ಕಿಂತ ಮೊದಲ ಬದಿಯಲ್ಲಿ, ಕಿತ್ತು ಬಾರದಂತೆ ಕಟ್ಟಿ ಲೋಡಿನೊಂದಿಗೆ 20 ನಿಮಿಷ ಏರು ಹತ್ತಿಸಿ. ಹೊರಗಿನ ಬಿಸಿಗೂ ಡಬ್ಬಿಯ ಬಿಸಿಗೂ 10 ಡಿಗ್ರಿಯೊಳಗೆ ವ್ಯತ್ಯಾಸವಿದ್ದರೆ ಸ್ಪ್ಯಾನರ್ ಕೆಳಗಿಡಿ. ಚಹಾ ಅಂಗಡಿ ಮುಂದೆ ನಿಂತಾಗ 55 ತೋರಿಸಿತು ಎಂದು ಗಾಬರಿಯಾಗಬೇಡಿ. ನಿಂತ ಗಾಡಿಯ ಬಾನೆಟ್ ಒಳಗೆ ಹಪ್ಪಳವೂ ಒಣಗುತ್ತದೆ.

ಇನ್ನು ಇಂಟರ್‌ಕೂಲರ್. ಟರ್ಬೊ ಒತ್ತಿದ ಗಾಳಿ ಏರಿನಲ್ಲಿ 120 ಡಿಗ್ರಿ ದಾಟಿರುತ್ತದೆ. ಅದನ್ನು ಆರಿಸುವುದೇ ಮುಂದಿರುವ ಈ ಜಾಲರಿಯ ಕೆಲಸ. ಅದರ ಮುಂದೆ ಏನಿರುತ್ತದೆ ಎಂದು ಬಗ್ಗಿ ನೋಡಿ: ಆಯುಧಪೂಜೆಗೆ ಗ್ರಿಲ್ಲಿಗೆ ಕಟ್ಟಿದ ಬಾಳೆಕಂದು, ದೀಪಾವಳಿ ಕಳೆದರೂ ಬಿಚ್ಚದ ಚೆಂಡುಹೂವಿನ ಹಾರ, ನಿಂಬೆಹಣ್ಣು, ಅಡ್ಡಡ್ಡ ನಾಲ್ಕು ಎಲ್‌ಇಡಿ ಪಟ್ಟಿ, ಮಧ್ಯದಲ್ಲಿ ಕುಲದೇವರ ಹೆಸರಿನ ಬೋರ್ಡು. ಗಾಳಿಗೆ ದಾರಿಯೆಲ್ಲಿ? ಬಾಳೆಕಂದು ಬಿಚ್ಚುವುದಕ್ಕಿಂತ ಅಗ್ಗದ ಮಾಡಿಫಿಕೇಶನ್ ಇನ್ನೊಂದಿಲ್ಲ. ಆಮೇಲೆ ಜಾಲರಿಯ ಹುಳು, ಕೆಸರನ್ನು ಒಳಬದಿಯಿಂದ ಹೊರಕ್ಕೆ, ಕಡಿಮೆ ಒತ್ತಡದ ನೀರಿನಲ್ಲಿ ತೊಳೆಯಬೇಕು. ಪ್ರೆಶರ್ ಗನ್ ಹತ್ತಿರ ಹಿಡಿದರೆ ರೆಕ್ಕೆಗಳು ಮಡಚಿ, ಇದ್ದ ಸಂದೂ ಮುಚ್ಚುತ್ತದೆ. ಎಂಜಿನ್ ಆರಿಸಿ, ಹೋಸುಗಳಿಗೆ ಹೊರಗಿನಿಂದ ಒಂದು ಬಾರ್ ಒತ್ತಡದ ಗಾಳಿ ತುಂಬಿಸಿ, ಸೋಪಿನ ನೀರು ಬಳಿದು ಗುಳ್ಳೆ ಏಳುತ್ತದೆಯೇ ನೋಡಿ. ಕಳೆದ ಪಿಕಪ್ಪು ಎಷ್ಟೋ ಸಲ ಸಡಿಲವಾದ ಒಂದು ಕ್ಲಿಪ್ಪಿನ ಕೆಳಗೇ ಸಿಗುತ್ತದೆ.

ಇಷ್ಟಾದ ಮೇಲೂ ಕೈ ತುರಿಸಿದರೆ, ಡಬ್ಬಿಯನ್ನು ಉಳಿಸಿಕೊಂಡೇ ಕೆಲಸ ಮಾಡಿ. ಡಬ್ಬಿಗೂ ಟರ್ಬೊಗೂ ನಡುವೆ 1.5 ಮಿ.ಮೀ. ಅಲ್ಯುಮಿನಿಯಂ ತಗಡು, ಎಕ್ಸಾಸ್ಟಿನಿಂದ ಕನಿಷ್ಠ 25 ಮಿ.ಮೀ. ದೂರ. ಸಂದುಗಳಿಗೆ ನೀರು ಹೀರದ ರಬ್ಬರ್ ಫೋಮ್. ಹಳೇ ಹಾಸಿಗೆಯ ಸ್ಪಂಜು ತುರುಕಿದರೆ ಆಷಾಢದವರೆಗೆ ಅದು ಫೋಮು, ಆಮೇಲೆ ಕೆರೆ. ಪೈಪು ಕಂಪನಿಯದ್ದಕ್ಕಿಂತ ಕಿರಿದಾಗಬಾರದು, ಗಾಳಿ ಅಳೆಯುವ ಸೆನ್ಸರ್ ಇರುವ ಕಡೆ ವ್ಯಾಸ ಬದಲಾಗಲೇಬಾರದು. ತೋಟದ ಸ್ಪ್ರಿಂಕ್ಲರಿಗೆ ತಂದು ಉಳಿದ ಪಿವಿಸಿ ಪೈಪಿನ ಮೇಲೆ ಕಣ್ಣು ಬೀಳುವುದು ಸಹಜ. ಟರ್ಬೊ ಬಿಸಿಗೆ ಅದು ಮೆತ್ತಗಾಗಿ, ಎಳೆತಕ್ಕೆ ಕೆನ್ನೆ ಒಳಗೆಳೆದುಕೊಂಡ ಅಜ್ಜನಂತೆ ಚಪ್ಪಟೆಯಾಗುತ್ತದೆ. ಕೆಲಸ ಮುಗಿದು ನೂರು ಕಿಲೋಮೀಟರ್ ಓಡಿಸಿದ ಮೇಲೆ ಫಿಲ್ಟರಿನ ಆಚೆಯ ಪೈಪಿನೊಳಗೆ ಬಿಳಿ ಪಂಚೆಯ ತುಂಡು ಸುತ್ತಿದ ಬೆರಳು ಆಡಿಸಿ. ಬಟ್ಟೆ ಕೆಂಪಾದರೆ ಎಲ್ಲೋ ಸೋರಿಕೆ ಇದೆ. ನಮ್ಮ ಕೆಮ್ಮಣ್ಣು ಸಿಲಿಂಡರಿಗೆ ಮರಳು ಕಾಗದವಿದ್ದಂತೆ. ಕಂಪನಿಯ ಮೂಲ ವಿವರಕ್ಕೆ ಹೊಂದದ ಮಾರ್ಪಾಡಿಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ನಿಲ್ಲುತ್ತದೆ ಎಂಬುದೂ ನೆನಪಿರಲಿ.

ಮಲೆನಾಡಿನ ನಿಜವಾದ ಶತ್ರು ಬಿಸಿಯಲ್ಲ, ಮಳೆ. ಆಗುಂಬೆ, ಹುಲಿಕಲ್ಲಿನಲ್ಲಿ ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಸುರಿಯುತ್ತದೆ. ತಂಪು ಗಾಳಿ ಬಂಪರಿನ ಬುಡದಲ್ಲಿ ಸಿಗುತ್ತದೆಂದು ಪೈಪಿನ ಬಾಯಿ ಅಲ್ಲಿಗೆ ಇಳಿಸಿದವರಿಗೆ ನೀರೂ ಅಲ್ಲೇ ಸಿಗುತ್ತದೆ. ಡಬ್ಬಿಯ ತಳದಲ್ಲಿ ಬಾತುಕೋಳಿ ಕೊಕ್ಕಿನಂಥ ರಬ್ಬರ್ ಇದ್ದರೆ ಅದು ನೀರು, ಧೂಳು ಉದುರಲೆಂದು ಇಟ್ಟದ್ದು. ಗಾಳಿ ಸೋರುತ್ತದೆಂದು ಎಂ-ಸೀಲ್ ಮೆತ್ತಬೇಡಿ. ಎರಡೂವರೆ ಲೀಟರಿನ, ನಾಲ್ಕು ಸಿಲಿಂಡರಿನ, ಗಾಳಿಯನ್ನು 18ರಲ್ಲಿ 1 ಪಾಲಿಗೆ ಒತ್ತುವ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಸುಮಾರು 37 ಮಿ.ಲೀ. ಬೈ-ಟು ಕಾಫಿಯ ಒಂದು ಪಾಲಿಗಿಂತ ಕಮ್ಮಿ. ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಬಗ್ಗುವುದು ಪಿಸ್ಟನ್ನನ್ನು ತಳ್ಳುವ ಕನೆಕ್ಟಿಂಗ್ ರಾಡು. ನೀರಿನಲ್ಲಿ ಗಾಡಿ ಆಫ್ ಆದರೆ ಸೆಲ್ಫ್ ಹೊಡೆಯಬಾರದು. ಸಿಲಿಂಡರನ್ನು ಬಿಸಿ ಮಾಡುವ ಗ್ಲೋ ಪ್ಲಗ್ ಬಿಚ್ಚಿ, ಕ್ರ್ಯಾಂಕ್ ಪುಲ್ಲಿಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ತಿರುಗಿಸಿ ನೀರು ಹೊರಡಿಸಬೇಕು. ಆ ಹೊತ್ತಿನಲ್ಲಿ ಬಗ್ಗಿ ನೋಡುವ ದಾರಿಹೋಕರಿಗೆ ಪುಕ್ಕಟೆ ಅಭ್ಯಂಜನ.

ಕೊನೆಗೆ ಬನಿಯನ್ ಬಟ್ಟೆ. ಪೈಪು ಬಿಚ್ಚಿದಾಗ ನಟ್ಟು ಬೀಳದಿರಲೆಂದು ಟರ್ಬೊ ಬಾಯಿಗೆ ಚಿಂದಿ ತುರುಕುವುದು ಒಳ್ಳೆಯ ಅಭ್ಯಾಸ, ಮರೆಯುವುದು ಅದಕ್ಕಿಂತ ಹಳೆಯ ಅಭ್ಯಾಸ. ನಿಮಿಷಕ್ಕೆ ಲಕ್ಷ ಸುತ್ತು ಮೀರುವ ಟರ್ಬೊ ಚಕ್ರ ಆ ಚಿಂದಿಯನ್ನು ಜಗಿಯುವಾಗ ತಾನೂ ಉಳಿಯುವುದಿಲ್ಲ. ಚಿಂದಿಯ ತುದಿಗೆ ಗಾಡಿಯ ಕೀಲಿ ಕಟ್ಟಿಬಿಡಿ. ಅದನ್ನು ಎಳೆಯದೆ ಗಾಡಿ ಹೊರಡದು. ಎರಡನೇ ಕೀಲಿ ಮಾಲೀಕರ ಸೊಂಟದಲ್ಲಿರುತ್ತದೆ, ಅದನ್ನೂ ಇಸಿದುಕೊಳ್ಳಿ.