ಉತ್ತರ ಪತ್ರಿಕೆ ತೋರಿಸಿ ಅಂದರೆ ಅಗೌರವವೇ?

ಕಾಲೇಜು ವಿದ್ಯಾರ್ಥಿಗಳು ಹೇಗಿರಬೇಕು ಎಂಬ ಬಗ್ಗೆ ಬಂದ ಲೇಖನವೊಂದನ್ನು ಓದಿದೆ. 75% ಹಾಜರಾತಿ ಬೇಕೇ ಬೇಕು ಎಂಬ ಅದರ ಲೇಖಕರ ಮಾತನ್ನು ಒಪ್ಪುತ್ತೇನೆ. ಆದರೆ ಅಂಕ ಯಾಕೆ ಕಡಿಮೆ ಬಂತು ಅಂತ ಕೇಳುವುದು ಗುರುಗಳಿಗೆ ಅಗೌರವ ಎಂದಿದ್ದಾರಲ್ಲ, ಅದು ತಪ್ಪು. ಕಲಬುರಗಿಯಲ್ಲಿ ನಾನು ಪದವಿ ಓದುವಾಗ ಇಂಟರ್ನಲ್ ಪೇಪರ್ (ಕಾಲೇಜಿನಲ್ಲೇ ನಡೆಯುವ ಪರೀಕ್ಷೆಯ ಉತ್ತರ ಪತ್ರಿಕೆ) ನಮ್ಮ ಕೈಗೆ ವಾಪಸ್ ಬರುತ್ತಲೇ ಇರಲಿಲ್ಲ. ಕೇಳಿದರೆ "ನಿನಗ್ಯಾಕೆ ಅದು?" ಅನ್ನೋರು. ಎಲ್ಲಿ ತಪ್ಪಿದೆ ಅಂತ ಕೆಂಪು ಪೆನ್ನಿನಲ್ಲಿ ಒಂದು ಗೆರೆ ಎಳೆದು ಕೊಟ್ಟಿದ್ದರೂ ಸಾಕಿತ್ತು, ಮುಂದಿನ ಸಲ ತಿದ್ದಿಕೊಳ್ಳುತ್ತಿದ್ದೆವು.

ತನ್ನ ಉತ್ತರ ಪತ್ರಿಕೆ ನೋಡುವುದು, ಅದರ ಪ್ರತಿ ಪಡೆಯುವುದು ವಿದ್ಯಾರ್ಥಿಯ ಹಕ್ಕು ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದರೆ 30 ದಿನದೊಳಗೆ ಉತ್ತರ ಕೊಡಬೇಕು. ಆಳಂದ, ಚಿಂಚೋಳಿ ಕಡೆಯ ಹಳ್ಳಿಗಳಿಂದ ಬಸ್ ಹತ್ತಿ ಬರುವ, ಮನೆಯಲ್ಲೇ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದ ಮಕ್ಕಳಿಗೆ ಇದನ್ನು ಯಾರು ಹೇಳುತ್ತಾರೆ? ಅವರು ಸುಮ್ನೆ ಮತ್ತೆ ಪರೀಕ್ಷೆ ಫೀಸು ಕಟ್ಟುತ್ತಾರೆ.

ಪಕ್ಕದವರ ಅಸೈನ್‌ಮೆಂಟ್ ನಕಲು ಮಾಡಿದವರು ಅಂಕ ಕೇಳಬಾರದು, ಅದೂ ನಿಜ. ಆದರೆ ಓದಿ ಬರೆದವರಿಗೆ ಕಾಲೇಜು ಮೊದಲ ವಾರದಲ್ಲೇ ಸಿಲಬಸ್ ಜೊತೆ ಈ ಹಕ್ಕನ್ನೂ ತಿಳಿಸಬೇಕು ಅಲ್ವಾ?