ಗೋಸುಂಬೆ ಗೂಡಿಗೆ ಫಿನಾಯಿಲ್ ಬೇಡ, ಫ್ಯಾನ್ ಹಾಕಿ

ಮಳೆಗಾಲ ಶುರುವಾದರೆ ಸಾಕು, ಗೋಸುಂಬೆ ಸಾಕುವ ಗೆಳೆಯರು ಇನ್‌ಬಾಕ್ಸಿನಲ್ಲಿ ಕೇಳುವುದು ಒಂದೇ ಪ್ರಶ್ನೆ. "ಗೂಡು ವಾಸನೆ ಬರ್ತಾ ಉಂಟು ಮಾರಾಯ್ತಿ, ಯಾವ ಮದ್ದು ಹಾಕಿ ತೊಳೆಯುವುದು?" ನನ್ನ ಉತ್ತರ ಕೇಳಿ ಹೆಚ್ಚಿನವರಿಗೆ ಬೇಸರ ಆಗುತ್ತದೆ. ಮದ್ದಿನ ವಿಷಯ ಆಮೇಲೆ ಮಾತಾಡುವ, ಮೊದಲು ಒಣಗಿಸಿ.

ಯೂಟ್ಯೂಬಿನಲ್ಲಿ ಗೋಸುಂಬೆ ಸಾಕುವುದನ್ನು ಹೇಳಿಕೊಡುವವರು ಬಹುಪಾಲು ಚಳಿ ದೇಶದವರು. ಮನೆಯಲ್ಲಿ ಹೀಟರ್ ಉರಿಯುತ್ತಿರುತ್ತದೆ, ಗಾಳಿ ಒಣಗಿರುತ್ತದೆ. ಗೂಡಿನಲ್ಲಿ ತೇವ ನಿಲ್ಲುತ್ತಿಲ್ಲ ಎನ್ನುವುದು ಅವರ ಚಿಂತೆ. ಉಡುಪಿ, ಮಂಗಳೂರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನೊಳಗಿನ ಬೆಲ್ಟಿಗೂ ಬೂಸ್ಟು ಹಿಡಿಯುತ್ತದೆ. ಅವರು ಹೇಳಿದ ಹಾಗೆ ಇಲ್ಲಿಯೂ ನಾಲ್ಕು ಹೊತ್ತು ನೀರು ಸ್ಪ್ರೇ ಮಾಡುತ್ತಾ ಕೂತರೆ ಗೂಡು ಕೊಳೆಯದೆ ಇನ್ನೇನಾಗುತ್ತದೆ? ನಮ್ಮಲ್ಲಿ ಜಾಸ್ತಿ ಜನ ಸಾಕುವ ವೇಲ್ಡ್ ಗೋಸುಂಬೆ ಯೆಮೆನ್, ಸೌದಿ ಕಡೆಯದ್ದು. ಬಟ್ಟಲಿನಲ್ಲಿಟ್ಟ ನೀರನ್ನು ಅದು ಸಾಮಾನ್ಯವಾಗಿ ಕುಡಿಯುವುದಿಲ್ಲ, ಎಲೆಯ ಮೇಲಿನ ಹನಿ ನೆಕ್ಕುತ್ತದೆ. ಹಾಗಾಗಿ ಸ್ಪ್ರೇ ಬೇಕೇ ಬೇಕು. ಆದರೆ ಒಂದು ಸ್ಪ್ರೇಗೂ ಇನ್ನೊಂದಕ್ಕೂ ನಡುವೆ ಎಲೆ, ಕೊಂಬೆ, ಜಾಲರಿ ಎಲ್ಲ ಒಣಗಬೇಕು. ಸದಾ ಒದ್ದೆಯಾಗಿರುವ, ಗಾಳಿಯಾಡದ ಗೂಡಿನಲ್ಲಿ ಇವಕ್ಕೆ ಶ್ವಾಸಕೋಶದ ಸೋಂಕು ಬರುತ್ತದೆ. ಬಾಯಿ ತೆರೆದು ಉಸಿರಾಡುತ್ತಿದ್ದರೆ, ಬಾಯಿಯ ಅಂಚಿನಲ್ಲಿ ನೊರೆ ಕಂಡರೆ ಕೂಡಲೇ ಡಾಕ್ಟರ ಹತ್ತಿರ ಓಡಬೇಕು. ಹಾವು, ಹಲ್ಲಿ ನೋಡುವ ಪಶುವೈದ್ಯರು ಊರೂರಿಗೆ ಸಿಗುವುದಿಲ್ಲ ಎನ್ನುವುದೂ ನೆನಪಿರಲಿ.

ಗೂಡಿನ ಅಡಿಯ ಟ್ರೇ ಇನ್ನೊಂದು ತಲೆನೋವು. ಮಂಗಳೂರಿನವರಿಗೆ ಮಲೇರಿಯಾದ ಬಗ್ಗೆ ಹೊಸದಾಗಿ ಹೇಳಬೇಕಿಲ್ಲ ಅಲ್ವಾ? ನಿಂತ ನೀರಿನಲ್ಲಿ ಸೊಳ್ಳೆ ಮೊಟ್ಟೆಯಿಟ್ಟು, ಮರಿ ಬೆಳೆದು ಹಾರಲು ನಮ್ಮ ಹವೆಯಲ್ಲಿ 7ರಿಂದ 10 ದಿನ ಸಾಕು. ಹೂಕುಂಡದ ತಟ್ಟೆಯ ನೀರು ಚೆಲ್ಲಿ ಎಂದು ಆರೋಗ್ಯ ಇಲಾಖೆಯವರು ಮನೆಮನೆಗೆ ಬಂದು ಹೇಳಿ ಹೋಗುತ್ತಾರೆ. ಗೋಸುಂಬೆಯ ಟ್ರೇ ಅವರ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ. ದಿನಾ ಸಂಜೆ ಅದನ್ನು ಖಾಲಿ ಮಾಡಿ ಒರೆಸಿ.

ಈಗ ಫಿನಾಯಿಲ್. ನಮ್ಮ ಮನೆಯಲ್ಲಿ ಅತ್ತೆಯವರಿಗೆ ಫಿನಾಯಿಲ್ ವಾಸನೆ ಬಂದರೆ ಮಾತ್ರ ಸ್ವಚ್ಛ. ನೆಲಕ್ಕೆ ಸರಿ, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಫಿನಾಯಿಲ್, ಡೆಟಾಲ್ ಜಾತಿಯ ದ್ರಾವಣಗಳಲ್ಲಿರುವ ಫೀನಾಲ್ ವರ್ಗದ ರಾಸಾಯನಿಕ ಸರೀಸೃಪಗಳಿಗೆ ವಿಷ. ಗೂಡಿನ ಹತ್ತಿರವೂ ಬೇಡ. ಹಾಗಾದರೆ ಏನು ಹಾಕುವುದು? ಮೊದಲು ಪಾತ್ರೆ ಸೋಪು, ಬಿಸಿನೀರು, ಬ್ರಷ್. ಮಲ ಅಂಟಿಕೊಂಡ ಜಾಗಕ್ಕೆ ಬ್ಲೀಚ್ ಸುರಿದು ಪ್ರಯೋಜನವಿಲ್ಲ, ಕೊಳೆಯೇ ಅದರ ಶಕ್ತಿಯನ್ನು ತಿಂದುಹಾಕುತ್ತದೆ. ತಿಕ್ಕಿ ತೊಳೆದ ಮೇಲೆ ಬೇಕಿದ್ದರೆ ಒಂದು ಪಾಲು ಮನೆಬಳಕೆಯ ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಹಚ್ಚಿ, 10 ನಿಮಿಷ ಬಿಟ್ಟು, ವಾಸನೆ ಹೋಗುವವರೆಗೆ ತೊಳೆದು, ಪೂರ್ತಿ ಒಣಗಿಸಿ. ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಎಷ್ಟೋ ಮನೆಗಳಲ್ಲಿ ಇರುತ್ತದೆ. ಅದಕ್ಕೆ ಈ ಅಳತೆ ನಡೆಯುವುದಿಲ್ಲ. ತೇವದ ಗಾಳಿಯಲ್ಲಿ ಅದರ ಕ್ಲೋರಿನ್ ಇಳಿಯುತ್ತಾ ಹೋಗುವುದರಿಂದ ಎಷ್ಟು ಖಾರ ಉಳಿದಿದೆ ಅಂತ ಗೊತ್ತಾಗುವುದೂ ಇಲ್ಲ. ಟಾಯ್ಲೆಟ್ ತೊಳೆಯುವ ಆಸಿಡ್ ಅಥವಾ ವಿನೆಗರ್ ಜೊತೆ ಬ್ಲೀಚ್ ಸೇರಿಸಲೇಬೇಡಿ. ಕ್ಲೋರಿನ್ ಅನಿಲ ಎದ್ದರೆ ಗೋಸುಂಬೆಗಿಂತ ಮೊದಲು ನೀವೇ ಬೀಳುತ್ತೀರಿ.

ಇಷ್ಟನ್ನೆಲ್ಲ ಪ್ರಾಣಿ ಒಳಗಿರುವಾಗ ಮಾಡುವ ಧೈರ್ಯವಂತರೂ ಇದ್ದಾರೆ. ಅದನ್ನು ಕುಂಡದಲ್ಲಿರುವ ಒಂದು ದಾಸವಾಳ ಗಿಡಕ್ಕೆ ಹತ್ತಿಸಿ ಬೇರೆ ಕೋಣೆಯಲ್ಲಿ ಬಿಡಿ. ಕಿಟಕಿ, ಬಾಗಿಲು ಹಾಕಿರಲಿ, ಆ ಕೋಣೆಯ ಫ್ಯಾನ್ ಆಫ್ ಇರಲಿ. ಟೆರೇಸಿನಲ್ಲಿ ಬಿಟ್ಟರೆ ಕಾಗೆಗೆ ಊಟ. ಕೊಂಬೆಗಳಿಗೆ ನಾನು ಬಚ್ಚಲಿನ ಹಂಡೆಯಿಂದ ಕೊತ ಕೊತ ಕುದಿಯುವ ನೀರು ಹೊಯ್ಯುತ್ತೇನೆ, ಯಾವ ಮದ್ದೂ ಹಾಕುವುದಿಲ್ಲ. ಆಮೇಲೆ ಗೂಡು, ಕೊಂಬೆ ಎಲ್ಲದಕ್ಕೂ ಟೇಬಲ್ ಫ್ಯಾನ್. ಮಲ್ಪೆ ಬೀಚಿನಲ್ಲಿ ಸಿಗುವ ಚಂದದ ಒಣ ಕೊಂಬೆ ನೋಡಿ ಆಸೆಯಾಗುತ್ತದೆ, ಆದರೆ ಅದರೊಳಗೆ ಉಪ್ಪು ತುಂಬಿರುತ್ತದೆ. ನಾನಂತೂ ತರುವುದಿಲ್ಲ. ಸ್ಪ್ರೇ ಬಾಟಲಿಯನ್ನೂ ಆಗಾಗ ಖಾಲಿ ಮಾಡಿ ತೊಳೆದು ಒಣಗಿಸಬೇಕು. ಒಳಗೆ ಬೆರಳು ಹಾಕಿ ನೋಡಿ, ಲೋಳೆ ಸಿಗುತ್ತದೆ. ದಿನಾ ಅದನ್ನೇ ಗೋಸುಂಬೆಯ ಮುಖಕ್ಕೆ ಹೊಡೆಯುತ್ತಿದ್ದೀರಿ.

ತೊಳೆಯುವ ಜಾಗದ ಬಗ್ಗೆ ನಾನು ಸ್ವಲ್ಪ ಜಗಳಗಂಟಿ. ನೋಡಲು ಆರೋಗ್ಯವಾಗಿರುವ ಹಲ್ಲಿ, ಆಮೆ, ಗೋಸುಂಬೆಗಳ ಕರುಳಿನಲ್ಲೂ ನಮಗೆ ವಾಂತಿ ಭೇದಿ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಅಮೆರಿಕದಲ್ಲಿ 1975ರಲ್ಲಿ 4 ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟ ನಿಲ್ಲಿಸಿದ್ದು ಮಕ್ಕಳಿಗೆ ಇದು ಹರಡುತ್ತಿತ್ತು ಎಂಬ ಕಾರಣಕ್ಕೆ. ಹಾಗಾಗಿ ಅಡುಗೆಮನೆಯ ಸಿಂಕ್ ಖಂಡಿತಾ ಬೇಡ. ನಮ್ಮ ಕಡೆ ಇನ್ನೊಂದು ಅಭ್ಯಾಸ ಉಂಟು, ಏನೇ ತೊಳೆಯುವುದಿದ್ದರೂ ಬಾವಿಕಟ್ಟೆಗೆ ಒಯ್ಯುವುದು. ಅದೂ ಬೇಡ. ಮಳೆಗಾಲದಲ್ಲಿ ಬಾವಿ ನೀರು ಕೈಗೆ ಸಿಗುವಷ್ಟು ಮೇಲೆ ಬಂದಿರುತ್ತದೆ, ಅಂಗಳದಲ್ಲಿ ಚೆಲ್ಲಿದ್ದು ಅಲ್ಲಿಗೆ ಹೋಗುವುದು ಎಷ್ಟು ಹೊತ್ತಿನ ಕೆಲಸ? ಹೊರಗಿನ ಬಚ್ಚಲು, ಪ್ರತ್ಯೇಕ ಬ್ರಷ್, ಪ್ರತ್ಯೇಕ ಬಕೆಟ್. ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಐದು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ವಯಸ್ಸಾದವರು ಈ ಕೆಲಸದಿಂದ ದೂರ ಇರಲಿ.

ಇಷ್ಟು ಹೇಳಿದರೂ, ಗೂಡಿನ ಕೆಲಸ ನಿಜವಾಗಿ ಸುಲಭ. ಜನ ಸೋಲುವುದು ಗೋಸುಂಬೆಗೆ ತಿನ್ನಿಸಲು ಜೀವಂತ ಸಾಕುವ ಹುಳಗಳ ಡಬ್ಬದಲ್ಲಿ. ಗೋಸುಂಬೆಯ ಫೋಟೋ ಹಾಕಿ ಲೈಕ್ ತೆಗೆದುಕೊಳ್ಳುತ್ತೇವೆ, ಕೋಣೆಯ ಮೂಲೆಯಲ್ಲಿರುವ ಜಿರಳೆ ಡಬ್ಬದ ಫೋಟೋ ಯಾರೂ ಹಾಕುವುದಿಲ್ಲ!

ಡೂಬಿಯಾ ಜಿರಳೆಯಾಗಲಿ, ಕ್ರಿಕೆಟ್ ಹುಳುವಾಗಲಿ, ಅವಕ್ಕೆ ಬೇಕಾದ್ದು ಗಾಳಿ ಮತ್ತು ಒಣ ನೆಲ. ಮುಚ್ಚಳದಲ್ಲಿ ನಾಲ್ಕು ತೂತು ಕೊರೆದರೆ ನಮ್ಮ ಹವೆಗೆ ಏನೇನೂ ಸಾಲದು. ಮುಚ್ಚಳದ ನಡುವೆ ದೊಡ್ಡದಾಗಿ ಕತ್ತರಿಸಿ ಲೋಹದ ಜಾಲರಿ ಅಂಟಿಸಿ. ನೀರಿನ ಬಟ್ಟಲು ಇಡಬೇಡಿ, ಒಂದು ತುಂಡು ಕ್ಯಾರೆಟ್ ಸಾಕು, ಉಳಿದದ್ದನ್ನು ಮಾರನೆ ದಿನ ತೆಗೆಯಿರಿ. ಅಂಗಡಿಯಲ್ಲಿ ಸಿಗುವ ಕಾಗದದ ಮೊಟ್ಟೆ ಟ್ರೇಗಳನ್ನು ಅಡ್ಡ ಮಲಗಿಸದೆ ನೆಟ್ಟಗೆ ನಿಲ್ಲಿಸಿ, ಹಿಕ್ಕೆಯೆಲ್ಲ ಕೆಳಗೆ ಬೀಳುತ್ತದೆ. ಟ್ರೇ ಒದ್ದೆಯಾದರೆ ಬಿಸಾಡಿ.

ಡಬ್ಬ ಸ್ವಚ್ಛ ಮಾಡಲು ಸುಲಭ ದಾರಿ ಎರಡು ಡಬ್ಬ ಇಟ್ಟುಕೊಳ್ಳುವುದು. ಟ್ರೇಗಳನ್ನು ಒಂದೊಂದಾಗಿ ಎತ್ತಿ ಒಣ ಡಬ್ಬಕ್ಕೆ ಕೊಡವಿ. ಹಳೆಯದರಲ್ಲಿ ಉಳಿದದ್ದನ್ನು ಜರಡಿ ಹಿಡಿಯಿರಿ. ಸಣ್ಣ ಮರಿಗಳು ಹಿಕ್ಕೆಯ ಜೊತೆ ಜಾರಿ ಹೋಗುತ್ತವೆ, ಆ ಹಿಕ್ಕೆಯ ಮೇಲೆ ಕ್ಯಾರೆಟ್ ತುಂಡಿಟ್ಟು ಒಂದೆರಡು ದಿನ ಬಿಟ್ಟರೆ ತಾವಾಗಿ ಬಂದು ಮುತ್ತುತ್ತವೆ. ಇದನ್ನೆಲ್ಲ ಜಗಲಿಯಲ್ಲಿ, ಮೂಗಿಗೆ ಮಾಸ್ಕ್ ಹಾಕಿಯೇ ಮಾಡಿ. ಜಿರಳೆಯ ಹಿಕ್ಕೆ, ಪೊರೆಯ ಧೂಳಿನಿಂದ ಅಲರ್ಜಿ, ಅಸ್ತಮಾ ಕೆರಳುತ್ತದೆ. ಡಬ್ಬ ತೆರೆದಾಗ ಮೂಗಿಗೆ ಅಮೋನಿಯಾ ಹೊಡೆದರೆ ಅಲ್ಲಿಗೆ ನೇರವಾಗಿ ಬ್ಲೀಚ್ ಬೇಡ, ಅದರಿಂದಲೂ ಕೆಟ್ಟ ಅನಿಲ ಏಳುತ್ತದೆ. ಸೋಪು ನೀರು, ಒಣಬಟ್ಟೆ, ಅಷ್ಟೇ.

ನುಸಿ ಕಂಡಿದ್ದೀರಾ? ಡಬ್ಬದ ಅಂಚಿನಲ್ಲಿ ಹಿಟ್ಟು ಉದುರಿದ ಹಾಗೆ ಕಾಣುತ್ತದೆ, ಕಣ್ಣಿಟ್ಟು ನೋಡಿದರೆ ಹರಿದಾಡುತ್ತಿರುತ್ತದೆ. ಬಹಳಷ್ಟು ಸಲ ಅದು ಬರುವುದು ಹುಳಗಳಿಗೆ ತಿನ್ನಲು ಹಾಕುವ ಗೋಧಿ ತೌಡಿನ ಜೊತೆ. ತೇವ ಸಿಕ್ಕಿದರೆ ಸಾವಿರಗಟ್ಟಲೆ ಆಗುತ್ತದೆ. ಬೇಸಿಗೆಯಲ್ಲಿ ತೌಡನ್ನು ಬಿಸಿಲಿಗೆ ಹಾಕಬಹುದು. ಮಳೆಗಾಲದಲ್ಲಿ ಫ್ರೀಜರ್ ಒಂದೇ ಗತಿ, ಗಾಳಿಯಾಡದ ಡಬ್ಬದಲ್ಲಿ ಎರಡು ದಿನ. ಅತ್ತೆಯವರ ಬಂಗುಡೆಯ ಪಕ್ಕ ನನ್ನ ತೌಡು ಕೂತಿದ್ದಕ್ಕೆ ಮನೆಯಲ್ಲಿ ಗಲಾಟೆ ಆದದ್ದುಂಟು. ಪುಣ್ಯಕ್ಕೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆ ನಿಷೇಧ, ಆಗ ಫ್ರೀಜರಿನಲ್ಲಿ ಜಾಗ ಇರುತ್ತದೆ. ಜರಡಿ ಹಿಡಿದ ಹಿಕ್ಕೆಯನ್ನೂ ಹೀಗೇ ಫ್ರೀಜ್ ಮಾಡಿ ಮಲ್ಲಿಗೆ ಬುಡಕ್ಕೆ ಹಾಕಿ, ಒಳ್ಳೆಯ ಗೊಬ್ಬರ. ಜೀವ ಇರುವ ಡೂಬಿಯಾವನ್ನು ಮಾತ್ರ ತೋಟಕ್ಕೆ ಬಿಡಬೇಡಿ, ಅದು ನಮ್ಮ ಊರಿನ ಹುಳುವಲ್ಲ.

ಇರುವೆ ಬಂತು ಅಂತ ಡಬ್ಬದ ಸುತ್ತ ಕೀಟನಾಶಕ ಸೀಮೆಸುಣ್ಣ ಎಳೆಯುವವರಿಗೆ ನಾನು ಏನು ಹೇಳಲಿ! ಇರುವೆ ಸಾಯಿಸುವ ಮದ್ದು ಜಿರಳೆಯನ್ನು ಬಿಡುತ್ತದೆಯೇ? ಆ ಜಿರಳೆಯನ್ನು ಗೋಸುಂಬೆ ತಿನ್ನುತ್ತದೆ. ಅಜ್ಜಿಯರು ಹಾಲು, ತುಪ್ಪ ಇಡುವ ಕಪಾಟಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸುತ್ತಿದ್ದರಲ್ಲ, ಅದನ್ನೇ ಮಾಡಿ. ನೀರಿಗೆ ಒಂದು ಹನಿ ಸೋಪು ಹಾಕಿ, ಮೂರು ದಿನಕ್ಕೊಮ್ಮೆ ಬದಲಿಸಿ, ಇಲ್ಲದಿದ್ದರೆ ಮತ್ತೆ ಸೊಳ್ಳೆ. ಗಲ್ಲಿಯಲ್ಲಿ ಫಾಗಿಂಗ್ ಗಾಡಿಯ ಸದ್ದು ಕೇಳಿದರೆ ಕಿಟಕಿ ಹಾಕಿ. ಹುಳದ ಕೋಣೆಯಲ್ಲಿ ಸೊಳ್ಳೆ ಲಿಕ್ವಿಡ್ ಉರಿಸಬೇಡಿ.

ಅಡಿಕೆ ತೋಟ ಇರುವವರಿಗೆ ಒಂದು ಮಾತು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಬಿಟ್ಟ ತೋಟದಿಂದ ಎಲೆ, ಕೊಂಬೆ, ಮಿಡತೆ ಯಾವುದನ್ನೂ ಗೂಡಿಗೆ ತರಬೇಡಿ. ಮೈಲುತುತ್ತಿನ ತಾಮ್ರ ಎಲ್ಲದರ ಮೇಲೂ ಕೂತಿರುತ್ತದೆ. ನರ್ಸರಿಯಿಂದ ತಂದ ಗಿಡಕ್ಕೂ ಮದ್ದು ಹೊಡೆದಿರುತ್ತಾರೆ. ಎಲೆ ತೊಳೆದು, ಕೆಲವು ವಾರ ಹೊರಗಿಟ್ಟು ಆಮೇಲೆ ಒಳಗೆ ಇಡಿ.

ರಾತ್ರಿ ಗೂಡಿನಲ್ಲಿ ಹುಳು ಉಳಿಸಬೇಡಿ. ಮಲಗಿದ ಗೋಸುಂಬೆಯನ್ನು ಕ್ರಿಕೆಟ್ ಹುಳು ಕಚ್ಚುತ್ತದೆ. ಬೆಳಿಗ್ಗೆ ಮಲ ತೆಗೆಯುವಾಗ ಸುಮ್ನೆ ಒರೆಸಿ ಬಿಡದೆ ಒಮ್ಮೆ ನೋಡಿ. ಅದರ ಬಿಳಿ ಭಾಗ ಪೂರ್ತಿ ಕಿತ್ತಳೆ ಬಣ್ಣಕ್ಕೆ ತಿರುಗಿದ್ದರೆ ಹನಿ ನೆಕ್ಕುವುದು ಸಾಲುತ್ತಿಲ್ಲ ಎಂದು ಅನುಮಾನ ಪಡಿ. ನಮ್ಮಂಥ ಒದ್ದೆ ಊರಿನಲ್ಲೂ ಅವಕ್ಕೆ ನೀರು ಕಡಿಮೆಯಾಗುತ್ತದೆ, ವಿಚಿತ್ರ ಆದರೂ ನಿಜ.

ಹೊಸದಾಗಿ ಕೊಳ್ಳಲು ಹೊರಟವರಿಗೆ: ನಮ್ಮ ದೇಶದ ಕಾಡು ಗೋಸುಂಬೆಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಹಿಡಿದು ಸಾಕಿದರೆ ಅಪರಾಧ. ವಿದೇಶಿ ಜಾತಿಯಾದರೆ 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ನೋಂದಣಿ ಆಗಬೇಕು, ಮಾರುವವರಲ್ಲಿ ಆ ಕಾಗದ ಕೇಳಿ. ಜೊತೆಗೆ ಅವರ ಹುಳದ ಡಬ್ಬದ ಮುಚ್ಚಳ ತೆಗೆಸಿ ಮೂಸಿ ನೋಡಿ. ತೋರಿಸುವುದಕ್ಕೆ ಹಿಂಜರಿದರೆ ಬೇರೆ ಕಡೆ ವಿಚಾರಿಸಿ.