ಎಂದೂ ಬತ್ತದ ಸಂಪನ್ಮೂಲ

ತೈಲದ ಬಾವಿಗಳು ಬರಿದಾಗುತ್ತಿವೆ, ಅಂತರ್ಜಲ ಪಾತಾಳ ಸೇರುತ್ತಿದೆ, ಕಡಲಿನಲ್ಲಿ ಮೀನಿನ ಸಂತತಿ ಕ್ಷೀಣಿಸುತ್ತಿದೆ ಎಂದೆಲ್ಲ ಓದಿ ಎದೆಗುಂದಿರುವವರು ಇನ್ನು ನಿಶ್ಚಿಂತೆಯಿಂದ ಇರಬಹುದು. ಬಿಸಿಲಿಗೂ ಗಾಳಿಗೂ ಕಾಯದೆ, ಹಗಲಿರುಳೆನ್ನದೆ ಫಸಲು ಕೊಡುತ್ತಲೇ ಇರುವ ಒಂದು ಸಂಪನ್ಮೂಲವನ್ನು ಮನುಕುಲವು ಕೊನೆಗೂ ಕಂಡುಕೊಂಡಿದೆ. ಅದರ ಹೆಸರು ವರದಿ. ಸುಸ್ಥಿರ ಅಭಿವೃದ್ಧಿಯನ್ನು ಕುರಿತು, ಅದಕ್ಕಾಗಿ ರೂಪಿಸಿದ ನೀತಿಗಳ ಪರಿಣಾಮವನ್ನು ಕುರಿತು, ಆ ಪರಿಣಾಮವನ್ನು ಅಳೆಯುವ ವಿಧಾನವನ್ನು ಕುರಿತು, ಅಳೆಯುವ ವಿಧಾನದ ಇತಿಮಿತಿಗಳನ್ನು ಕುರಿತು ಹೊರಬರುತ್ತಿರುವ ಬರಹಗಳ ರಾಶಿಯನ್ನು ನೋಡಿದರೆ, ಈ ಭೂಮಿಯ ಮೇಲೆ ನಿಜಕ್ಕೂ ಸುಸ್ಥಿರವಾಗಿರುವ ಉದ್ಯಮ ಇದೊಂದೇ ಎಂಬುದರಲ್ಲಿ ಸಂಶಯ ಉಳಿಯುವುದಿಲ್ಲ. ಬಳಸಿದರೆ ತಾನೆ ಬತ್ತುವುದು? ಇದನ್ನು ಬಳಸುವವರೇ ಅಪರೂಪ.

ಇದು ಹೊಟ್ಟೆಕಿಚ್ಚಿನ ಮಾತಲ್ಲ, ಉತ್ಪಾದಕರೇ ಒಪ್ಪಿಕೊಂಡ ಸಂಗತಿ. 2025ರ ಆಗಸ್ಟ್ ತಿಂಗಳ ಮೊದಲ ದಿನ ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಆಂಟೋನಿಯೊ ಗುಟೆರಸ್ ಅವರು ಸದಸ್ಯ ರಾಷ್ಟ್ರಗಳ ಮುಂದೆ ಒಂದು ಲೆಕ್ಕವನ್ನು ಇಟ್ಟರು. ಹಿಂದಿನ ವರ್ಷ ವಿಶ್ವಸಂಸ್ಥೆಯ ವ್ಯವಸ್ಥೆಯು 240 ಮಂಡಳಿಗಳ 27,000 ಸಭೆಗಳಿಗೆ ನೆರವಾಗಿತ್ತು. ಅದರ ಸಚಿವಾಲಯವು 1,100 ವರದಿಗಳನ್ನು ಸಿದ್ಧಪಡಿಸಿತ್ತು. ವರದಿಗಳ ಈ ಸಂಖ್ಯೆ 1990ಕ್ಕಿಂತ ಶೇ. 20ರಷ್ಟು ಹೆಚ್ಚು. ಭಾನುವಾರಗಳನ್ನೂ ಹಬ್ಬಗಳನ್ನೂ ಬಿಡದೆ ಭಾಗಿಸಿದರೂ ದಿನಕ್ಕೆ 74 ಸಭೆಗಳಾದವು. ಇಷ್ಟೆಲ್ಲ ಕಷ್ಟಪಟ್ಟು ಬರೆದ ವರದಿಗಳಲ್ಲಿ ಐದರಲ್ಲೊಂದನ್ನು ಜಗತ್ತಿನಾದ್ಯಂತ ಸಾವಿರ ಸಲವೂ ಡೌನ್‌ಲೋಡ್ ಮಾಡಿಲ್ಲವೆಂದು ಅವರು ತಿಳಿಸಿದರು, ಡೌನ್‌ಲೋಡ್ ಮಾಡಿದವರೆಲ್ಲ ಓದಿದ್ದಾರೆಂದೂ ಭಾವಿಸಬೇಕಾಗಿಲ್ಲವೆಂದು ಪ್ರಾಮಾಣಿಕವಾಗಿ ಸೇರಿಸಿದರು. ವರದಿಗಳನ್ನು ಯಾರೂ ಅಷ್ಟಾಗಿ ಓದುವುದಿಲ್ಲ ಎಂಬ ಈ ಮಹತ್ವದ ಸಂಗತಿಯನ್ನು ಅವರು ಲೋಕಕ್ಕೆ ತಿಳಿಸಿದ್ದು ಹೇಗೆ ಎಂದು ಕೇಳುವಿರಾದರೆ, ಒಂದು ವರದಿಯ ಮೂಲಕ.

ಈ ಕ್ಷೇತ್ರದಲ್ಲಿ ವಿಶ್ವಸಂಸ್ಥೆಯೇ ಮೊದಲಿಗನೆಂದು ಹೇಳಿದರೆ ವಿಶ್ವಬ್ಯಾಂಕಿಗೆ ಅನ್ಯಾಯವಾಗುತ್ತದೆ. ತನ್ನ ನೀತಿ ವರದಿಗಳನ್ನು ಯಾರು ಓದುತ್ತಾರೆಂದು ತಿಳಿಯುವ ಕುತೂಹಲ ಅದಕ್ಕೆ 2014ರಲ್ಲಿಯೇ ಉಂಟಾಗಿತ್ತು. ಬ್ಯಾಂಕಿನ ಸಂಶೋಧಕರೇ ನಡೆಸಿದ ಅಧ್ಯಯನದಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ವರದಿಗಳನ್ನು ಒಬ್ಬರಾದರೂ ಒಂದು ಸಲವಾದರೂ ಡೌನ್‌ಲೋಡ್ ಮಾಡಿರಲಿಲ್ಲವೆಂದೂ, ಇನ್ನು ಶೇ. 40ರಷ್ಟು ವರದಿಗಳಿಗೆ ಆ ಭಾಗ್ಯ ನೂರಕ್ಕಿಂತ ಕಡಿಮೆ ಸಲ ಒದಗಿತ್ತೆಂದೂ ಗೊತ್ತಾಯಿತು. ಶೂನ್ಯ ಎಂಬ ಸಂಖ್ಯೆಯನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಬರೆದವನ ತಾಯಿಯೂ ಓದಲಿಲ್ಲ ಎಂಬುದನ್ನು ಒಪ್ಪಬಹುದು, ಅವರಿಗೆ ಬೇರೆ ಕೆಲಸಗಳಿರುತ್ತವೆ. ಆದರೆ ಮುಖಪುಟದಲ್ಲಿ ತನ್ನ ಹೆಸರು ಸರಿಯಾಗಿ ಅಚ್ಚಾಗಿದೆಯೇ ಎಂದು ನೋಡುವುದಕ್ಕಾದರೂ ಬರೆದವನೇ ಅದನ್ನು ಒಮ್ಮೆ ತೆರೆಯಲಿಲ್ಲವೆಂದರೆ, ಫಲಾಪೇಕ್ಷೆಯಿಲ್ಲದೆ ಕರ್ಮ ಮಾಡಬೇಕೆಂಬ ಉಪದೇಶವನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದವರು ಋಷಿಮುನಿಗಳಲ್ಲಿಯೂ ವಿರಳ.

ಯಾರೂ ಓದದಿದ್ದರೂ ಬೆಳೆ ನಿಲ್ಲುವುದಿಲ್ಲ, ಏಕೆಂದರೆ ಪ್ರತಿಯೊಂದು ವರದಿಯ ಕೊನೆಯ ಪುಟದಲ್ಲಿ ಮುಂದಿನ ವರದಿಯ ಬೀಜ ಇರುತ್ತದೆ. ‘ಈ ವಿಷಯದಲ್ಲಿ ಇನ್ನೂ ಹೆಚ್ಚಿನ ಅಧ್ಯಯನ ಅಗತ್ಯವಾಗಿದೆ’ ಎಂಬ ಆ ವಾಕ್ಯಕ್ಕೆ ನೀರೂ ಬೇಡ, ಗೊಬ್ಬರವೂ ಬೇಡ, ಅನುದಾನ ಒಂದಿದ್ದರೆ ಸಾಕು. ಬೆಳೆದ ಫಸಲಿನಲ್ಲಿ ಒಂದು ಪಾಲನ್ನು ಚಂದಾ ಕಟ್ಟಿದವರಿಗೆ ಮಾತ್ರ ತೆರೆಯುವ ನಿಯತಕಾಲಿಕೆಗಳ ಕಣಜದಲ್ಲಿ ಬೀಗ ಹಾಕಿ ಇಡಲಾಗುತ್ತದೆ. ಸಂಪನ್ಮೂಲಗಳು ಎಲ್ಲರಿಗೂ ಸಮಾನವಾಗಿ ಸಿಗಬೇಕೆಂಬ ಪ್ರಬಂಧವೂ ಆ ಬೀಗದ ಹಿಂದೆಯೇ ಸುರಕ್ಷಿತವಾಗಿರುತ್ತದೆ.

ಸುಸ್ಥಿರ ಎಂಬ ಮಾತಿಗೆ ಒಂದು ಕಾಲದಲ್ಲಿ ಅರ್ಥವಿತ್ತು. ನಾರ್ವೆಯ ಗ್ರೊ ಹಾರ್ಲೆಮ್ ಬ್ರುಂಟ್‌ಲ್ಯಾಂಡ್ ಅವರ ಅಧ್ಯಕ್ಷತೆಯ ಆಯೋಗವು 1987ರಲ್ಲಿ ಅದನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿತ್ತು: ಮುಂದಿನ ಪೀಳಿಗೆಗಳು ತಮ್ಮ ಅಗತ್ಯಗಳನ್ನು ಪೂರೈಸಿಕೊಳ್ಳುವ ಶಕ್ತಿಗೆ ಕುಂದು ಬಾರದಂತೆ ಇಂದಿನವರು ತಮ್ಮ ಅಗತ್ಯಗಳನ್ನು ಪೂರೈಸಿಕೊಳ್ಳುವುದೇ ಸುಸ್ಥಿರ ಅಭಿವೃದ್ಧಿ. ಒಂದೇ ವಾಕ್ಯದಿಂದ ಎಷ್ಟು ಜನರಿಗೆ ಉದ್ಯೋಗ ಕೊಡಲು ಸಾಧ್ಯ? ಆದ್ದರಿಂದ 2015ರ ಸೆಪ್ಟೆಂಬರ್‌ನಲ್ಲಿ 193 ರಾಷ್ಟ್ರಗಳು ಒಟ್ಟಾಗಿ ಆ ವಾಕ್ಯವನ್ನು 17 ಗುರಿಗಳಾಗಿಯೂ ಅವುಗಳ ಕೆಳಗೆ 169 ಉಪಗುರಿಗಳಾಗಿಯೂ ಹಿಗ್ಗಿಸಿದವು. ಅವುಗಳನ್ನು ಅಳೆಯಲು 230ಕ್ಕೂ ಹೆಚ್ಚು ಸೂಚ್ಯಂಕಗಳು ಅನಂತರ ಹುಟ್ಟಿಕೊಂಡವು. ಬಡತನ, ಹಸಿವು, ಶಿಕ್ಷಣ, ನೀರು, ಹವಾಮಾನ, ನ್ಯಾಯ ಎಲ್ಲವೂ ಅಲ್ಲಿವೆ. ಇವೆಲ್ಲವನ್ನೂ 2030ರೊಳಗೆ ಸಾಧಿಸಬೇಕೆಂಬುದು ಸಂಕಲ್ಪ.

ಈ ಸೂಚ್ಯಂಕಗಳ ನಡುವೆ 12.6.1 ಎಂಬ ಒಂದು ರತ್ನವಿದೆ. ಅದು ಸೇರಿರುವ ಉಪಗುರಿಯು ದೊಡ್ಡ ಕಂಪನಿಗಳು ಸುಸ್ಥಿರ ಪದ್ಧತಿಗಳನ್ನು ಅಳವಡಿಸಿಕೊಳ್ಳಬೇಕು, ಆ ಮಾಹಿತಿಯನ್ನು ತಮ್ಮ ವರದಿಗಳಲ್ಲಿ ಸೇರಿಸಬೇಕು ಎಂದು ಹೇಳುತ್ತದೆ. ಎರಡೂ ಒಳ್ಳೆಯ ಮಾತುಗಳೇ. ಆದರೆ ಅಳೆಯುವ ಹೊತ್ತು ಬಂದಾಗ ಮೊದಲನೆಯದನ್ನು ಅಳೆಯುವುದು ತ್ರಾಸದಾಯಕವೆಂದು ತೋರಿರಬೇಕು. ಸೂಚ್ಯಂಕವು ಎಣಿಸುವುದು ಸುಸ್ಥಿರತೆಯ ವರದಿಯನ್ನು ಪ್ರಕಟಿಸುವ ಕಂಪನಿಗಳ ಸಂಖ್ಯೆಯನ್ನು. ಕಾರ್ಖಾನೆಯ ಚಿಮಣಿ ಎಂದಿನಂತೆ ಹೊಗೆ ಕಾರುತ್ತಿರಲಿ, ಆ ಚಿಮಣಿಯ ಬಣ್ಣದ ಚಿತ್ರವುಳ್ಳ ಪುಸ್ತಕವೊಂದು ಹೊಳೆಯುವ ಕಾಗದದ ಮೇಲೆ ಅಚ್ಚಾದರೆ ಲೋಕವು ತನ್ನ ಗುರಿಯತ್ತ ಒಂದು ಹೆಜ್ಜೆ ಮುಂದಿಟ್ಟಂತೆ. ಪರೀಕ್ಷೆ ಬರೆದವರೆಲ್ಲ ಉತ್ತೀರ್ಣರು ಎಂದು ಸಾರುವ ಪಾಠಶಾಲೆಯಲ್ಲಿ ಫಲಿತಾಂಶ ಹೇಗಿರುತ್ತದೋ ಹಾಗೆಯೇ ಇಲ್ಲಿಯೂ ಆಗಿದೆ. ಲೆಕ್ಕಪರಿಶೋಧನೆ ನಡೆಸುವ ಕೆಪಿಎಂಜಿ ಸಂಸ್ಥೆಯ 2022ರ ಸಮೀಕ್ಷೆಯ ಪ್ರಕಾರ ಜಗತ್ತಿನ ಅತಿದೊಡ್ಡ 250 ಕಂಪನಿಗಳಲ್ಲಿ ಶೇ. 96ರಷ್ಟು ಕಂಪನಿಗಳು ಇಂತಹ ವರದಿಗಳನ್ನು ಪ್ರಕಟಿಸುತ್ತಿವೆ. ಅದೇ ವೇಳೆಗೆ, ಅಳೆಯಲು ಸಾಧ್ಯವಿದ್ದ ಉಪಗುರಿಗಳಲ್ಲಿ ಸರಿಯಾದ ದಾರಿಯಲ್ಲಿರುವುದು ಶೇ. 17 ಮಾತ್ರ ಎಂದು ವಿಶ್ವಸಂಸ್ಥೆ 2024ರಲ್ಲಿ ಪ್ರಕಟಿಸಿತು. 17 ಗುರಿಗಳಿಗೆ ಶೇ. 17ರ ಸಾಧನೆ ಎಂಬ ಸಂಖ್ಯಾಸಾಮರಸ್ಯವು ಜ್ಯೋತಿಷಿಗಳ ಗಮನಕ್ಕೆ ಇನ್ನೂ ಬಂದಂತಿಲ್ಲ. ಅದೇ ವರ್ಷ ಇಂಧನ ಮೂಲದ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯೂ ಸುಮಾರು 3,780 ಕೋಟಿ ಟನ್ನುಗಳನ್ನು ಮುಟ್ಟಿ ದಾಖಲೆ ಬರೆಯಿತೆಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ ತಿಳಿಸಿದೆ, ತಿಳಿಸಿದ್ದು ವರದಿಯಲ್ಲಿಯೇ.

ಗುರಿಗಳಿಂದ ಏನೂ ಆಗಲಿಲ್ಲವೆಂದು ಹೇಳುವುದು ಕೂಡ ತಪ್ಪಾಗುತ್ತದೆ. 2022ರಲ್ಲಿ ಸಮಾಜವಿಜ್ಞಾನಿಗಳ ಒಂದು ದೊಡ್ಡ ತಂಡವು ಮೂರು ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನು ಸೋಸಿ, ಈ ಗುರಿಗಳ ರಾಜಕೀಯ ಪರಿಣಾಮ ಏನೆಂದು ತೂಗಿ ನೋಡಿತು. ಪರಿಣಾಮ ಇದೆ, ಆದರೆ ಅದು ಬಹುಮಟ್ಟಿಗೆ ಮಾತಿನಲ್ಲಿದೆ ಎಂಬುದು ಅವರು ಕಂಡುಕೊಂಡ ಉತ್ತರ. ಸರ್ಕಾರಗಳೂ ಸಂಸ್ಥೆಗಳೂ ಈಗ ಗುರಿಗಳ ಭಾಷೆಯಲ್ಲಿ ಮಾತನಾಡುತ್ತವೆ; ಕಾನೂನು ಬದಲಾದದ್ದು, ಹಣದ ಹಂಚಿಕೆ ಬದಲಾದದ್ದು ಅಲ್ಲೊಂದು ಇಲ್ಲೊಂದು. ಇದು ಹಗುರವಾಗಿ ಕಾಣಬೇಕಾದ ಸಂಶೋಧನೆಯಲ್ಲ, ಈ ಕ್ಷೇತ್ರದಲ್ಲಿ ಬಂದಿರುವ ಅತ್ಯಂತ ನೇರವಾದ ಬರಹಗಳಲ್ಲಿ ಒಂದು. ಆದರೆ ಮಾತು ಮಾತ್ರ ಬೆಳೆದಿದೆ ಎಂದು ಖಚಿತಪಡಿಸಿಕೊಳ್ಳುವುದಕ್ಕೆ ಮೂರು ಸಾವಿರ ಪ್ರಬಂಧಗಳಷ್ಟು ಮಾತು ಬೇಕಾಯಿತು ಎಂಬುದನ್ನು ನೆನೆದಾಗ, ಅಳತೆಗೋಲೇ ಅಳೆಯಬೇಕಾದ ವಸ್ತುವಾಗಿ ಬೆಳೆದಿರುವಂತೆ ಕಾಣುತ್ತದೆ.

ಕಾಗದಕ್ಕೂ ನೆಲಕ್ಕೂ ನಡುವಿನ ಈ ಅಂತರವನ್ನು ಇನ್ನೂ ಚೊಕ್ಕವಾಗಿ ಅಂಕಿಗಳಲ್ಲಿ ಹಿಡಿದವರೂ ಇದ್ದಾರೆ. ತೆರಿಗೆ ಹಾಕದೆ, ನಿಷೇಧ ಹೇರದೆ, ಮತದಾರನ ಮನಸ್ಸು ನೋಯಿಸದೆ, ಒಂದು ಸೌಮ್ಯವಾದ ಪತ್ರ ಬರೆದೋ ಅರ್ಜಿ ನಮೂನೆಯ ಕ್ರಮವನ್ನು ಬದಲಿಸಿಯೋ ಜನರ ನಡವಳಿಕೆಯನ್ನು ತಿದ್ದಬಹುದೆಂಬ ‘ನಡ್ಜ್’ ಸಿದ್ಧಾಂತವು ಆಳುವವರಿಗೆ ಅಚ್ಚುಮೆಚ್ಚಾದದ್ದು ಸಹಜವೇ. 2022ರಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ಹೋಲಿಸಿ ನೋಡಿದಾಗ, ವಿದ್ವತ್ ಪತ್ರಿಕೆಗಳಲ್ಲಿ ಪ್ರಕಟವಾದ ಇಂತಹ ಪ್ರಯೋಗಗಳ ಪರಿಣಾಮ ಸರಾಸರಿ 8.7 ಶೇಕಡಾ ಅಂಶಗಳಷ್ಟಿತ್ತು. ಅಮೆರಿಕದಲ್ಲಿ ಸರ್ಕಾರಗಳೊಡನೆ ಕೆಲಸ ಮಾಡುವ ಎರಡು ದೊಡ್ಡ ತಂಡಗಳು ನಿಜವಾದ ಜನರ ಮೇಲೆ ನಡೆಸಿದ ಎಲ್ಲ ಪ್ರಯೋಗಗಳನ್ನೂ ಸೇರಿಸಿದಾಗ ಅದು 1.4ಕ್ಕೆ ಇಳಿಯಿತು. ಚೆನ್ನಾಗಿ ಫಲಿಸಿದ ಪ್ರಯೋಗ ಮಾತ್ರ ಅಚ್ಚಾಗುವುದೂ, ಫಲಿಸದಿದ್ದದ್ದು ಮೇಜಿನ ಖಾನೆ ಸೇರುವುದೂ ಈ ಇಳಿತಕ್ಕೆ ಒಂದು ದೊಡ್ಡ ಕಾರಣ. ಅಚ್ಚಿನಿಂದ ಹೊರಗೆ ಕಾಲಿಟ್ಟೊಡನೆ ಆರರಲ್ಲಿ ಐದು ಪಾಲು ಆವಿಯಾಗಿಬಿಡುವ ಸಂಪನ್ಮೂಲವನ್ನು ಕಟ್ಟಿಹಾಕಿದ ಕೀರ್ತಿ ನಿಯತಕಾಲಿಕೆಗಳದು.

ಇನ್ನು ಸಂಶೋಧಕರ ಓಡಾಟದ ಮಾತು. ಹವಾಮಾನ ಬದಲಾವಣೆಯನ್ನು ಅಧ್ಯಯನ ಮಾಡುವವರು ಇತರ ವಿಷಯಗಳ ಸಂಶೋಧಕರಿಗಿಂತ ಹೆಚ್ಚು ವಿಮಾನಯಾನ ಮಾಡುತ್ತಾರೆಂದೂ, ಅವರಲ್ಲಿಯೂ ಪ್ರಾಧ್ಯಾಪಕರು ಮುಂದಿದ್ದಾರೆಂದೂ 2020ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಸಮೀಕ್ಷೆಯೊಂದು ತೋರಿಸಿತು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬ ಗಾದೆಗೆ ಇದಕ್ಕಿಂತ ಕ್ರಮಬದ್ಧವಾದ ಪುರಾವೆ ಹಿಂದೆ ದೊರೆತಿರಲಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ, ತಮ್ಮ ಹಾರಾಟದ ಪಾಪಕ್ಕೆ ಪ್ರಾಯಶ್ಚಿತ್ತವಾಗಿ ಹಣ ಕಟ್ಟುವುದರಲ್ಲಿಯೂ ಅವರೇ ಮುಂದಿದ್ದರೆಂದು ಅದೇ ಸಮೀಕ್ಷೆ ಹೇಳುತ್ತದೆ. 2023ರಲ್ಲಿ ದುಬೈನಲ್ಲಿ ನಡೆದ ಹವಾಮಾನ ಸಮ್ಮೇಳನಕ್ಕೆ 80,000ಕ್ಕೂ ಹೆಚ್ಚು ಜನ ಸೇರಿದ್ದರು. ಅಷ್ಟು ಜನ ನಡೆದುಕೊಂಡು ಬಂದಿರಲಾರರು. ಆ ಸಮ್ಮೇಳನದ ಅಧ್ಯಕ್ಷರು ಆತಿಥೇಯ ದೇಶದ ಸರ್ಕಾರಿ ತೈಲ ಕಂಪನಿಯ ಮುಖ್ಯಸ್ಥರೂ ಆಗಿದ್ದರೆಂಬುದನ್ನು ಇಲ್ಲಿ ದಾಖಲಿಸಿ ಮುಂದೆ ಹೋಗಬಹುದು, ಅದರ ಮೇಲೆ ವಿಡಂಬನೆಗೆ ಮಾಡಲು ಏನೂ ಉಳಿದಿಲ್ಲ.

ವಿಚಿತ್ರವೆಂದರೆ, ಈ ರಾಶಿಯೊಳಗೆ ನಿಜಕ್ಕೂ ಉಪಯೋಗಕ್ಕೆ ಬರುವ ಕಾಳೂ ಇದೆ. 41 ದೇಶಗಳಲ್ಲಿ ಎರಡು ದಶಕಗಳಿಗೂ ಹೆಚ್ಚು ಕಾಲ ಜಾರಿಯಾದ ಸುಮಾರು 1,500 ಹವಾಮಾನ ನೀತಿಗಳನ್ನು ಪರಿಶೀಲಿಸಿ 2024ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವು, ಹೊರಸೂಸುವಿಕೆ ಗಣನೀಯವಾಗಿ ತಗ್ಗಿದ ಸಂದರ್ಭಗಳು 63 ಮಾತ್ರ ಎಂದು ಗುರುತಿಸಿತು. ಸಹಾಯಧನ ಮಾತ್ರ, ನಿಷೇಧ ಮಾತ್ರ ಎಂದು ಬಿಡಿಬಿಡಿಯಾಗಿ ಮಾಡಿದ್ದು ಹೆಚ್ಚಾಗಿ ಫಲಿಸಲಿಲ್ಲ. ಇಂಗಾಲಕ್ಕೆ ಬೆಲೆ ಕಟ್ಟುವ ತೆರಿಗೆಯಂತಹ ಕ್ರಮವನ್ನು ಉಳಿದವುಗಳೊಡನೆ ಬೆರೆಸಿದಲ್ಲಿ ಫಲ ಕಂಡಿತು. ಏನು ಮಾಡಿದರೆ ಕೆಲಸವಾಗುತ್ತದೆಂದು ಇಷ್ಟು ಸ್ಪಷ್ಟವಾಗಿ ತಿಳಿಸಿದ ಮೇಲೆ, ಅದನ್ನು ಮಾಡುವುದೊಂದೇ ಉಳಿಯುತ್ತದೆ ಎಂದು ಸಾಮಾನ್ಯ ಮನುಷ್ಯನಿಗೆ ತೋರೀತು. ಆದರೆ ತೆರಿಗೆ ಹಾಕಿದರೆ ಚುನಾವಣೆ ಸೋಲಬಹುದು, ಅಧ್ಯಯನಕ್ಕೆ ಆದೇಶಿಸಿ ಚುನಾವಣೆ ಸೋತವರು ಇದುವರೆಗೆ ಯಾರೂ ಕಂಡುಬಂದಿಲ್ಲ. ಹೀಗಾಗಿ ಉತ್ತರ ಸಿಕ್ಕಿರುವ ಪ್ರಶ್ನೆಯನ್ನೇ ಮತ್ತೊಂದು ಸಮಿತಿಗೆ ಒಪ್ಪಿಸುವ ಸಂಪ್ರದಾಯವು ನಿರಾತಂಕವಾಗಿ ಮುಂದುವರಿದಿದೆ.

2030ರ ಗಡುವು ಸಮೀಪಿಸುತ್ತಿರುವುದರಿಂದ ಯಾರಾದರೂ ಗಾಬರಿಗೊಂಡಿದ್ದಾರೆಂದು ತಿಳಿಯಬೇಕಾಗಿಲ್ಲ. 2030ರವರೆಗೆ ಮತ್ತು ಅದರಾಚೆಗೆ ಏನು ಮಾಡಬೇಕೆಂಬುದನ್ನು 2027ರ ಸೆಪ್ಟೆಂಬರ್‌ನಲ್ಲಿ ಕೂಡಿ ಆಲೋಚಿಸೋಣವೆಂದು ರಾಷ್ಟ್ರಗಳು 2024ರ ಶೃಂಗಸಭೆಯಲ್ಲಿಯೇ ಒಪ್ಪಿಕೊಂಡಿವೆ. 2000ದಿಂದ 2015ರವರೆಗೆ ಇದ್ದ ಸಹಸ್ರಮಾನದ ಗುರಿಗಳು ಎಂಟು, ಅವುಗಳ ಜಾಗಕ್ಕೆ ಬಂದವು ಹದಿನೇಳು. ತ್ರೈರಾಶಿ ಹಾಕಿದರೆ ಮುಂದಿನ ಕಂತಿನಲ್ಲಿ 36 ಬರಬೇಕು. ಇಲ್ಲಿ ಮಾತ್ರ ಒಂದು ಗಂಭೀರವಾದ ತೊಡಕಿದೆ. ಅಧಿಕಾರಿಗಳು ಕೋಟಿನ ಮಡಿಕೆಗೆ ಸಿಕ್ಕಿಸಿಕೊಳ್ಳುವ ವರ್ತುಲಾಕಾರದ ಬಿಲ್ಲೆಯಲ್ಲಿ ಗುರಿಗೊಂದರಂತೆ ಹದಿನೇಳು ಬಣ್ಣಗಳಿವೆ, ಅಷ್ಟನ್ನು ಹೊಂದಿಸುವುದಕ್ಕೇ ಹಸಿರನ್ನು ಮೂರು ಬಗೆಯಾಗಿಯೂ ನೀಲಿಯನ್ನು ನಾಲ್ಕು ಬಗೆಯಾಗಿಯೂ ಒಡೆಯಬೇಕಾಗಿದೆ. ಮೂವತ್ತಾರಕ್ಕೆ ಸಾಲುವಷ್ಟು ಬಣ್ಣಗಳನ್ನು ಪ್ರಕೃತಿಯು ಕೊಟ್ಟಿದೆಯೇ ಎಂಬ ಬಗ್ಗೆ ತುರ್ತಾಗಿ ಒಂದು ಅಧ್ಯಯನ ಆಗಬೇಕಾಗಿದೆ.